ಗೇಟ್ ಎದುರಿನ ಮಳಿಗೆಯಲ್ಲಿ ಹೋಟೆಲ್ ಯಾಕೆ ನಿಲ್ಲಲ್ಲ?

ನಮ್ಮ ಕಾಲೇಜಿನ ಮೇನ್ ಗೇಟ್ ಎದುರು, ಜೆರಾಕ್ಸ್ ಅಂಗಡಿ ಪಕ್ಕದ ಮಳಿಗೆಗೆ ಮತ್ತೆ ಬೀಗ ಬಿದ್ದಿದೆ. ಶಟರ್ ಮೇಲೆ 'ಬಾಡಿಗೆಗೆ ಇದೆ' ಅನ್ನೋ ಚೀಟಿ ಅಂಟಿಸಿದ್ದಾರೆ. ನಾವು ಫಸ್ಟ್ ಇಯರ್ ಸೇರಿದಾಗ ಅಲ್ಲಿ ಬಿರಿಯಾನಿ ಹೋಟೆಲ್ ಇತ್ತು. ಅದು ಹೋಗಿ ಶವರ್ಮಾ ಅಂಗಡಿ ಬಂತು. ಅದೂ ಹೋಗಿ ಊಟ-ತಿಂಡಿ ಹೋಟೆಲ್ ಬಂತು. ಒಂದೂವರೆ ವರ್ಷದಲ್ಲಿ ಮೂರು ಬೋರ್ಡ್! ಅದಕ್ಕೂ ಮುಂಚೆ ಇನ್ನೂ ಎರಡು ಬಂದು ಹೋಗಿದ್ವು ಅಂತ ಸೀನಿಯರ್ಸ್ ಹೇಳ್ತಾರೆ.

'ಆ ಜಾಗದ ವಾಸ್ತುನೇ ಸರಿ ಇಲ್ಲ' ಅನ್ನೋದು ಊರಿನವರ ಮಾತು. 'ರುಚಿ ಇರ್ಲಿಲ್ಲ, ಅದಕ್ಕೇ ಮುಚ್ಚಿದ್ರು' ಅನ್ನೋದು ಹಾಸ್ಟೆಲ್ ಮಾತು. ಆದರೆ ಕೊನೆಯ ಹೋಟೆಲ್‌ನ ಚಿತ್ರಾನ್ನ ತಿಂದವರು ಯಾರೂ ರುಚಿ ಇರಲಿಲ್ಲ ಅಂತ ಹೇಳಲ್ಲ. ಗಂಡ ಹೆಂಡತಿ ಇಬ್ಬರೂ ನಿಂತು ನಡೆಸ್ತಿದ್ದ ಹೋಟೆಲ್ ಅದು. ನಾವೆಲ್ಲ ಅಣ್ಣ, ಅಕ್ಕ ಅಂತಲೇ ಕರೀತಿದ್ವಿ. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ನಿಲ್ಲೋಕೂ ಜಾಗ ಇರ್ತಿರ್ಲಿಲ್ಲ. ಅಷ್ಟು ರಶ್ ಇದ್ದ ಹೋಟೆಲ್ ಅಡ್ವಾನ್ಸ್‌ನಲ್ಲಿ ಅರ್ಧ ಬಾಡಿಗೆ ಬಾಕಿಗೇ ಕಳೆದುಕೊಂಡು ಹೋಯ್ತು. ಅಕ್ಕ ಮಹಿಳಾ ಸಂಘದಿಂದ ತೆಗೆದಿದ್ದ ಸಾಲ ಮಾತ್ರ ಅವರ ಜೊತೆಗೇ ಹೋಯ್ತು. ಪಾತ್ರೆ ತೊಳೀತಿದ್ದ ಅಜ್ಜಿಗೆ ಕೆಲಸ ಇಲ್ಲ. ಭಾನುವಾರ ರಾತ್ರಿ ಮೆಸ್ ಇಲ್ಲದಾಗ ನಮಗೆ ಊಟ ಇಲ್ಲ.

ಹಾಗಾದ್ರೆ ರಶ್ ಇದ್ದೂ ಹೋಟೆಲ್ ಮುಚ್ಚೋದು ಹೇಗೆ? ಇದು ನಾವು ಕ್ಲಾಸಲ್ಲಿ ಕಲಿಯೋ ಲೆಕ್ಕದಲ್ಲೇ ಅರ್ಥ ಆಗೋ ವಿಷಯ. ಬನ್ನಿ, ನೋಡೋಣ.

ಹೋಟೆಲ್ ಮುಚ್ಚೋದು ಎಷ್ಟು ಸಾಮಾನ್ಯ?

'ಹತ್ತು ಹೋಟೆಲ್ ಶುರುವಾದರೆ ಒಂಬತ್ತು ಮೊದಲ ವರ್ಷವೇ ಮುಚ್ಚುತ್ತವೆ' ಅನ್ನೋ ಮಾತು ಎಲ್ಲ ಕಡೆ ಓಡಾಡತ್ತೆ. ಅಮೆರಿಕದಲ್ಲಿ ಎಚ್.ಜಿ. ಪಾರ್ಸಾ ಮತ್ತು ಅವರ ಜೊತೆಗಾರರು ಇದನ್ನ ನಿಜವಾಗಿ ಎಣಿಸಿ ನೋಡಿದ್ರು. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ 1996ರಿಂದ 1999ರವರೆಗಿನ ಹೋಟೆಲ್ ಪರ್ಮಿಟ್ ದಾಖಲೆ ತೆಗೆದು ಲೆಕ್ಕ ಹಾಕಿ, 2005ರಲ್ಲಿ ಪ್ರಕಟಿಸಿದರು. ಮೊದಲ ವರ್ಷ ಹೋಗಿದ್ದು ಸುಮಾರು ಶೇ. 26. ಮೂರು ವರ್ಷ ಸೇರಿಸಿದರೆ ಸುಮಾರು ಶೇ. 60. ಅಂದ್ರೆ ಹತ್ತರಲ್ಲಿ ಒಂಬತ್ತು ಅನ್ನೋದು ಸುಳ್ಳು. ಆದರೆ ಮೂರು ವರ್ಷ ದಾಟೋದು ಹತ್ತರಲ್ಲಿ ನಾಲ್ಕು ಮಾತ್ರ ಅನ್ನೋದೂ ಸಣ್ಣ ವಿಷಯ ಅಲ್ಲ.

ಅವರು ಹೋಟೆಲ್ ಮಾಲೀಕರ ಹತ್ತಿರ ಮಾತಾಡಿದಾಗ ಇನ್ನೊಂದು ವಿಷಯವೂ ಗೊತ್ತಾಯ್ತು. ಎಲ್ಲರೂ ದಿವಾಳಿಯಾಗಿ ಮುಚ್ಚಿರಲಿಲ್ಲ. ಮನೆಗೆ ಸಮಯ ಕೊಡಕ್ಕಾಗದೆ, ಆರೋಗ್ಯ ಕೆಟ್ಟು ಬಿಟ್ಟವರೂ ಇದ್ರು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗೋ ಕೆಲಸ ಅದು. ಒಹಾಯೊ ಆದರೂ ಅಷ್ಟೇ, ನಮ್ಮ ಗೇಟ್ ಎದುರು ಆದರೂ ಅಷ್ಟೇ.

ಒಂದು ಪ್ಲೇಟ್ ಊಟದ ಲೆಕ್ಕ

ಈಗ ನಮ್ಮ ಮಳಿಗೆಗೆ ಬರೋಣ. ಇಲ್ಲಿರೋ ಅಂಕಿಗಳು ಲೆಕ್ಕಕ್ಕೆ ಅಂತ ನಾವೇ ಇಟ್ಟುಕೊಂಡವು. ನಿಮಗೆ ಬೇರೆ ಅನಿಸಿದ್ರೆ ಬದಲಾಯಿಸಿ ನೋಡಿ.

ತಿಂಗಳಿಗೆ ಬಾಡಿಗೆ 18,000. ಅಡುಗೆ ಭಟ್ರಿಗೆ 22,000. ಸಪ್ಲೈಗೆ, ಕ್ಲೀನಿಂಗ್‌ಗೆ ಇಬ್ಬರು, ಒಟ್ಟು 30,000. ಕರೆಂಟ್, ನೀರು, ಸಣ್ಣಪುಟ್ಟದು 5,000. ಒಟ್ಟು 75,000 ರೂಪಾಯಿ. ಗಿರಾಕಿ ಒಬ್ಬ ಬರಲಿ, ಸಾವಿರ ಬರಲಿ, ಇದು ಕೊಡಲೇಬೇಕು.

ಊಟ 70 ರೂಪಾಯಿ ಅಂದುಕೊಳ್ಳಿ. ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಗ್ಯಾಸ್ ಸೇರಿ 42 ಹೋದರೆ ಕೈಯಲ್ಲಿ ಉಳಿಯೋದು 28. 75,000 ಅನ್ನು 28ರಿಂದ ಭಾಗಿಸಿದ್ರೆ ಸುಮಾರು 2,680 ಊಟ. ತಿಂಗಳಿಗೆ 26 ದಿನ ತೆಗೆದರೆ ದಿನಕ್ಕೆ 103. ಬ್ರೇಕ್ ಈವನ್ ಅಂದ್ರೆ ಇದು. ಇಷ್ಟು ಮಾರಿದರೆ ನಷ್ಟ ಇಲ್ಲ ಅಷ್ಟೇ, ಮಾಲೀಕರ ಮನೆಗೆ ಒಂದು ರೂಪಾಯಿಯೂ ಹೋಗಲ್ಲ.

'ದಿನಕ್ಕೆ 103 ತಾನೇ? ಕಾಲೇಜ್ ಗೇಟ್ ಮುಂದೆ ಅದೇನು ಮಹಾ' ಅನಿಸತ್ತೆ. ಹೋಟೆಲ್ ಹಾಕಕ್ಕೆ ಬರೋ ಎಲ್ಲರಿಗೂ ಹಾಗೇ ಅನಿಸೋದು. ಆದರೆ ಬಾಡಿಗೆ ಇರೋದು 12 ತಿಂಗಳಿಗೆ. ನಾವು ಇರೋದು? ಒಂದು ಸೆಮಿಸ್ಟರ್‌ಗೆ ಸುಮಾರು 16 ವಾರ ಕ್ಲಾಸ್. ಎರಡು ಸೆಮಿಸ್ಟರ್‌ಗೆ 32 ವಾರ. ವಾರಕ್ಕೆ ಆರು ದಿನದಂತೆ 192 ದಿನ. ಉಳಿದಿದ್ದೆಲ್ಲ ಪರೀಕ್ಷೆ, ಸ್ಟಡಿ ಹಾಲಿಡೇ, ರಜೆ. ಆಗ ಗೇಟ್ ಮುಂದೆ ನಾಯಿ ಬಿಟ್ಟರೆ ಯಾರೂ ಇರಲ್ಲ.

ಹಾಗಾಗಿ ವರ್ಷದ ಖರ್ಚು 9 ಲಕ್ಷವನ್ನ ಆ 192 ದಿನದಲ್ಲೇ ದುಡಿಯಬೇಕು. ಆಗ ದಿನಕ್ಕೆ ಬೇಕಾಗಿರೋದು 103 ಅಲ್ಲ, 167 ಊಟ. ಮಾಲೀಕರು ತಮ್ಮ ಮನೆಗೆ ತಿಂಗಳಿಗೆ ಬರೀ 20,000 ತಗೋತೀವಿ ಅಂದರೂ 212 ಊಟ. ಮೊದಲ ಲೆಕ್ಕದ ಎರಡು ಪಟ್ಟು!

'ರಜೆಯಲ್ಲಿ ಭಟ್ರಿಗೂ ರಜೆ ಕೊಟ್ಟರೆ ಆಯ್ತಲ್ಲ' ಅಂತ ಕೇಳಬಹುದು. ಒಳ್ಳೆ ಭಟ್ರು ಎರಡು ತಿಂಗಳು ಸಂಬಳ ಇಲ್ಲದೆ ಕಾಯಲ್ಲ. ಹೈವೇ ಮೇಲಿನ ಹೋಟೆಲ್‌ಗೆ ಹೋಗಿಬಿಡ್ತಾರೆ. ರಜೆ ಮುಗಿಸಿ ನಾವು ಬಂದಾಗ ಸಾಂಬಾರ್ ರುಚಿ ಬದಲಾಗಿರತ್ತೆ. 'ಮುಂಚಿನ ಥರ ಇಲ್ಲ' ಅಂತ ನಾವು ಪಕ್ಕದ ಹೋಟೆಲ್‌ಗೆ ಹೋಗ್ತೀವಿ.

45 ನಿಮಿಷದ ಪೀಕ್ ಲೋಡ್

ಇನ್ನು ರಶ್ ವಿಷಯ. ನಮ್ಮ ಲಂಚ್ ಬ್ರೇಕ್ 45 ನಿಮಿಷ. ಮಳಿಗೆಯಲ್ಲಿ 24 ಚೇರ್. ಆರ್ಡರ್ ಕೊಟ್ಟು, ತಿಂದು, ಕೈ ತೊಳೆದು ಏಳಕ್ಕೆ 20 ನಿಮಿಷ. ಅಂದ್ರೆ ಒಂದು ಚೇರ್ ಮೇಲೆ ಆ ಬ್ರೇಕ್‌ನಲ್ಲಿ ಹೆಚ್ಚೂ ಕಮ್ಮಿ ಎರಡು ಕಾಲು ಜನ. ಒಟ್ಟು 54. ಹೊರಗೆ ಇನ್ನೂ ಇನ್ನೂರು ಜನ ಕಾಯ್ತಿದ್ರೂ 54ಕ್ಕಿಂತ ಹೆಚ್ಚು ಊಟ ಹೋಗಲ್ಲ. ನಾವು ನೋಡ್ತಿದ್ದ ರಶ್ ಅಂದ್ರೆ ಚೇರ್ ಕಮ್ಮಿ ಇದ್ದಿದ್ದು. ಲಾಭ ಜಾಸ್ತಿ ಇತ್ತು ಅಂತ ಅದರಿಂದ ಗೊತ್ತಾಗಲ್ಲ.

ಎಲೆಕ್ಟ್ರಿಕಲ್‌ನವರಿಗೆ ಇದು ಲೋಡ್ ಫ್ಯಾಕ್ಟರ್. ಸರಾಸರಿ ಲೋಡ್ ಅನ್ನು ಪೀಕ್ ಲೋಡ್‌ನಿಂದ ಭಾಗಿಸಿದ್ರೆ ಬರೋದು. 45 ನಿಮಿಷಕ್ಕೆ 54 ಅಂದ್ರೆ ಗಂಟೆಗೆ 72ರ ವೇಗ. ಇಡೀ ದಿನ, 14 ಗಂಟೆಯಲ್ಲಿ, 150 ಜನ ಬಂದರು ಅಂದುಕೊಂಡರೂ ಸರಾಸರಿ ಗಂಟೆಗೆ 11 ಕೂಡ ಇಲ್ಲ. ಲೋಡ್ ಫ್ಯಾಕ್ಟರ್ 0.15. ಇಷ್ಟು ಕಮ್ಮಿ ಲೋಡ್ ಫ್ಯಾಕ್ಟರ್ ಇರೋ ಪವರ್ ಪ್ಲಾಂಟ್‌ನ ಕರೆಂಟ್ ಎಷ್ಟು ದುಬಾರಿ ಬೀಳತ್ತೆ ಅಂತ ನಮಗೆ ಗೊತ್ತು. ಹೋಟೆಲ್ ಕೂಡ ಹಾಗೇ. ಪೀಕ್‌ಗೆ ಬೇಕಾದಷ್ಟು ಜಾಗ, ಪಾತ್ರೆ, ಜನ ಇಟ್ಟುಕೊಂಡು ಉಳಿದ ಹೊತ್ತು ಸುಮ್ಮನೆ ಕೂರಬೇಕು. ಸಂಜೆ ನಾವು ಹೋಗ್ತೀವಿ ನಿಜ. ಆದರೆ ಒಂದು ಟೀಗೆ ಉಳಿಯೋದು ನಾಲ್ಕೈದು ರೂಪಾಯಿ.

ದರ್ಶಿನಿಗಳು ಈ ಸಮಸ್ಯೆಯ ಒಂದು ಭಾಗವನ್ನ ಆಗಲೇ ಬಿಡಿಸಿವೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ಚೇರ್ ಇಲ್ಲ, ಸಪ್ಲೈಯರ್ ಇಲ್ಲ. ಟೋಕನ್ ತಗೊಂಡು, ನಿಂತು ತಿಂದು ಹೋಗೋದು. 20 ನಿಮಿಷ ಹತ್ತಕ್ಕೆ ಇಳಿದರೆ ಅದೇ ಜಾಗದಲ್ಲಿ 54ರ ಬದಲು 108 ಜನ. ಆದರೆ ಬೆಂಗಳೂರಿನ ಬಡಾವಣೆಗೆ ಸೆಮಿಸ್ಟರ್ ರಜೆ ಇಲ್ಲ. ನಮ್ಮ ಗೇಟ್‌ಗೆ ಇದೆ. ದರ್ಶಿನಿ ದಿನದ ಪೀಕ್ ಸರಿ ಮಾಡತ್ತೆ, ವರ್ಷದ ಖಾಲಿ ತಿಂಗಳುಗಳನ್ನ ಸರಿ ಮಾಡಲ್ಲ.

ಮತ್ತೆ ಮತ್ತೆ ಹೋಟೆಲೇ ಬರೋದ್ಯಾಕೆ?

ಇಷ್ಟೆಲ್ಲ ಇದ್ದರೂ ಒಂದು ಹೋದ ಮೇಲೆ ಇನ್ನೊಂದು ಹೋಟೆಲ್ಲೇ ಬರತ್ತೆ. ಕಾರಣ ಸರಳ. ಸಿಂಕ್, ಟೈಲ್ಸ್, ಚರಂಡಿ ಪೈಪು, ಹೊಗೆ ಹೋಗೋ ಚಿಮಣಿ ಎಲ್ಲ ಮುಂಚಿನವರೇ ಹಾಕಿಸಿ ಹೋಗಿರ್ತಾರೆ. ಹೊಸಬರಿಗೆ 'ಎಲ್ಲ ರೆಡಿ ಇದೆ, ಖರ್ಚು ಕಮ್ಮಿ' ಅನಿಸತ್ತೆ. ಜಾಗ ನೋಡಕ್ಕೆ ಬರೋದು ಕಾಲೇಜ್ ನಡೀತಿರೋವಾಗ, ಅದೂ ಮಧ್ಯಾಹ್ನ. ಜನ ನೋಡಿ ಅಡ್ವಾನ್ಸ್ ಕೊಡ್ತಾರೆ. ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು. ಅಷ್ಟರಲ್ಲಿ ಎರಡು ರಜೆ ನೋಡಿರ್ತಾರೆ. ಮೊದಲನೆಯದರಲ್ಲಿ ಕೈಲಿದ್ದ ದುಡ್ಡು ಖಾಲಿ, ಎರಡನೆಯದರಲ್ಲಿ ಅಡ್ವಾನ್ಸ್ ಖಾಲಿ.

ಡೆಲಿ ಥರದ್ದೊಂದು ಅಂಗಡಿ

ಅಮೆರಿಕದ ಊರುಗಳಲ್ಲಿ ಡೆಲಿ ಅಂತ ಒಂದು ಥರದ ಅಂಗಡಿ ಇರತ್ತೆ. 'ಡೆಲಿಕಾಟೆಸನ್' ಅನ್ನೋ ಜರ್ಮನ್ ಪದದ ಚಿಕ್ಕ ರೂಪ. ಜರ್ಮನಿಯಿಂದ ಹೋದವರು, ಆಮೇಲೆ ಪೂರ್ವ ಯುರೋಪಿನ ಯಹೂದಿಗಳು ನ್ಯೂಯಾರ್ಕ್‌ನಂಥ ಕಡೆ ಬೆಳೆಸಿದ್ದು. ಉಪ್ಪು ಹಾಕಿ ಹದ ಮಾಡಿದ ಮಾಂಸ, ಚೀಸ್, ಉಪ್ಪಿನಕಾಯಿ, ಬ್ರೆಡ್. ಕೌಂಟರ್‌ನಲ್ಲಿ ತೂಕ ಹಾಕಿ ಕೊಡ್ತಾರೆ, ಬೇಕಾದರೆ ಸ್ಯಾಂಡ್‌ವಿಚ್ ಕಟ್ಟಿ ಕೊಡ್ತಾರೆ. ಗಮನಿಸಿ, ಮುಖ್ಯ ಸಾಮಾನೆಲ್ಲ ಕೆಡದೆ ಉಳಿಯುವಂಥದ್ದು.

ನಮ್ಮಲ್ಲೂ ಇದಕ್ಕೆ ಹತ್ತಿರದ್ದು ಇದೆ. ಮೈಸೂರು, ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಗಳು: ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಸಾಂಬಾರ್ ಪುಡಿ, ಉಪ್ಪಿನಕಾಯಿ. ಉತ್ತರ ಕರ್ನಾಟಕದ ಕಡೆ ರೊಟ್ಟಿ ಅಂಗಡಿಗಳು: ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಕಲಬುರಗಿ ಜಿಲ್ಲೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮಾಡೋ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಅಂತ ಬ್ರ್ಯಾಂಡ್ ಹೆಸರೇ ಬಂದಿದೆ.

ಖಡಕ್ ರೊಟ್ಟಿ ಯಾಕೆ ಕೆಡಲ್ಲ? ಸುಟ್ಟು ಒಣಗಿಸಿದಾಗ ನೀರಿನ ಅಂಶ ಹೋಗಿಬಿಡತ್ತೆ. ನೀರಿಲ್ಲದೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲ್ಲ. ಗಾಳಿಯಾಡದ ಹಾಗೆ ಕಟ್ಟಿಟ್ಟರೆ ವಾರಗಟ್ಟಲೆ ಇರತ್ತೆ. ಸಾಂಬಾರ್ ರಾತ್ರಿಗೆ ಹಳಸತ್ತೆ, ದೋಸೆ ಹಿಟ್ಟು ನಾಳೆಗೆ ಹುಳಿ ಬರತ್ತೆ. ರೊಟ್ಟಿ ಬ್ಯಾಟರಿ ಇದ್ದ ಹಾಗೆ: ಇವತ್ತು ಮಾಡಿದ್ದನ್ನ ಮುಂದಿನ ವಾರ ಮಾರಬಹುದು.

ಅದೇ ಮಳಿಗೆಯಲ್ಲಿ ಇದರ ಲೆಕ್ಕ ಹಾಕೋಣ. ಬಾಡಿಗೆ ಅದೇ 18,000. ಸಹಾಯಕ್ಕೆ ಒಬ್ಬರು, 12,000. ಕರೆಂಟ್ 2,000. ಭಟ್ರು ಬೇಡ, ರೊಟ್ಟಿಯನ್ನ ಮನೆಯಲ್ಲಿ ತಟ್ಟೋ ಹೆಂಗಸರಿಂದ ಕೊಂಡರೆ ಆಯ್ತು. ಮಾಲೀಕರ ಮನೆಗೆ 20,000 ಸೇರಿಸಿದರೂ ವರ್ಷಕ್ಕೆ 6,24,000. ಒಬ್ಬ ಗಿರಾಕಿಯಿಂದ ಸರಾಸರಿ 25 ರೂಪಾಯಿ ಉಳಿದರೆ ಸುಮಾರು 25,000 ಗಿರಾಕಿ ಬೇಕು. ವರ್ಷದಲ್ಲಿ 300 ದಿನ ಬಾಗಿಲು ತೆಗೆದರೆ ದಿನಕ್ಕೆ 83. ಹೋಟೆಲ್‌ಗೆ 212 ಬೇಕಿತ್ತು. ಆ 83 ಜನರೂ ಒಂದೇ ಲಂಚ್ ಬ್ರೇಕ್‌ನಲ್ಲಿ ಬರಬೇಕಾಗಿಲ್ಲ, ಕೂರೋಕೆ ಚೇರ್ ಕೂಡ ಬೇಡ.

ರಜೆಯಲ್ಲಿ ಯಾರು ಬರ್ತಾರೆ? ಊರಿನವರು. ಊಟ ಮಾಡಕ್ಕೆ ಅಂತ ಬಸ್ ಸ್ಟ್ಯಾಂಡ್ ಕಡೆಯಿಂದ ಯಾರೂ ಗೇಟ್‌ವರೆಗೆ ಬರಲ್ಲ. ಆದರೆ ತಿಂಗಳಿಗೆ ಆಗೋಷ್ಟು ಚಟ್ನಿಪುಡಿಗೆ ಒಂದು ಸಲ ಬರಬಹುದು. ಬ್ಯಾಂಕಿನವರು, ಮೇಷ್ಟ್ರುಗಳು, ವರ್ಗಾವಣೆಯಾಗಿ ಬಂದ ಆ ಕಡೆಯ ಕುಟುಂಬಗಳು ನಮ್ಮ ಊರಲ್ಲೂ ಇದ್ದಾರೆ.

ತೊಂದರೆಗಳೂ ಇವೆ

ಈ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ ಅಂತ ಸುಮ್ಮನಾಗೋ ಹಾಗಿಲ್ಲ. ನಮ್ಮ ಊರು ಮುದ್ದೆಯ ಸೀಮೆ, ಜೋಳ ಇಲ್ಲಿನವರ ದಿನದ ಊಟ ಅಲ್ಲ. ಹಾಗಾಗಿ ರೊಟ್ಟಿ ಒಂದನ್ನೇ ನಂಬಿದರೆ ಕಷ್ಟ, ನಿಪ್ಪಟ್ಟು, ಹುರಿಗಾಳು, ಉಪ್ಪಿನಕಾಯಿಯೂ ಬೇಕು. ಮಳೆಗಾಲದಲ್ಲಿ ರೊಟ್ಟಿ ತೇವ ಎಳೆದು ಮೆತ್ತಗಾಗತ್ತೆ, ಪ್ಯಾಕಿಂಗ್ ಸರಿ ಇರಬೇಕು. ಶೇಂಗಾದಲ್ಲಿ ಎಣ್ಣೆ ಇರೋದರಿಂದ ಪುಡಿ ಹಳೇದಾದರೆ ಕಮಟು ವಾಸನೆ ಬರತ್ತೆ, ಡೇಟ್ ಬರೆದು ಇಡಬೇಕು. ಇದು ಊಟದ ಹೋಟೆಲ್‌ಗೆ ಪೂರ್ತಿ ಬದಲಿಯೂ ಅಲ್ಲ. ಸಂಜೆ ಹೊತ್ತು ಎಣ್ಣೆಗಾಯಿ ಅಥವಾ ಒಂದು ಕಾಳು ಪಲ್ಯ, ಲೆಕ್ಕ ಇಟ್ಟು ನಲವತ್ತೇ ಪ್ಲೇಟ್ ಮಾಡಿದರೆ ನಮಗೂ ಊಟ ಆಗತ್ತೆ, ಅವರಿಗೂ ವೇಸ್ಟ್ ಆಗಲ್ಲ.

ನಾವು ಮಾಡಬಹುದಾದದ್ದು

ಆ ಮಳಿಗೆ ನೋಡಕ್ಕೆ ಯಾರಾದರೂ ಬಂದು ನಿಮ್ಮನ್ನ 'ಇಲ್ಲಿ ಹೋಟೆಲ್ ನಡೆಯತ್ತಾ?' ಅಂತ ಕೇಳಿದ್ರೆ, 'ಸಕ್ಕತ್ ರಶ್ ಇರತ್ತೆ ಅಣ್ಣ' ಅಂತ ಮಾತ್ರ ಹೇಳಿ ಕಳಿಸಬೇಡಿ. ನಮ್ಮ ಕ್ಯಾಲೆಂಡರ್ ಆಫ್ ಈವೆಂಟ್ಸ್ ತೋರಿಸಿ. ಯಾವ ತಿಂಗಳು ಕ್ಲಾಸ್, ಯಾವ ತಿಂಗಳು ರಜೆ ಅಂತ ಅದರಲ್ಲೇ ಇದೆ. ರಜೆಯ ಒಂದು ಮಂಗಳವಾರ ಬಂದು ಗೇಟ್ ಮುಂದೆ ಒಂದು ಗಂಟೆ ನಿಂತು ನೋಡಿ ಅಂತ ಹೇಳಿ. ಅಡ್ವಾನ್ಸ್ ಕೊಡೋ ಮುಂಚೆ ಈ ಮಾತು ಕಿವಿಗೆ ಬಿದ್ದರೆ ಒಂದು ಮನೆಯ ಸಾಲ ತಪ್ಪಬಹುದು.

ಇನ್ನು ರೊಟ್ಟಿ ಅಂಗಡಿ ಬೇಕು ಅನ್ನೋರು ಬರೀ ಆಸೆ ಪಟ್ಟರೆ ಸಾಲದು, ಎಣಿಕೆ ಬೇಕು. ವಾರಕ್ಕೆ ಹತ್ತು ರೊಟ್ಟಿ, ತಿಂಗಳಿಗೆ ಕಾಲು ಕೆಜಿ ಚಟ್ನಿಪುಡಿ ತಗೊಳ್ಳೋರು ಎರಡೂ ಹಾಸ್ಟೆಲ್‌ನಲ್ಲಿ ಎಷ್ಟು ಜನ? ಕನ್ನಡ ಸಂಘದ ನೋಟಿಸ್ ಬೋರ್ಡ್ ಮೇಲೆ ಒಂದು ಹಾಳೆ ಅಂಟಿಸಿದ್ದೀವಿ. ಬ್ರ್ಯಾಂಚ್, ರೂಮ್ ನಂಬರ್, ಎಷ್ಟು ಬೇಕು ಅಂತ ಬರೆಯಿರಿ. ನೂರು ಹೆಸರಾದರೆ ಆ ಹಾಳೆಯನ್ನ ಮಳಿಗೆ ಮಾಲೀಕರಿಗೆ ಕೊಟ್ಟು ಬರ್ತೀವಿ, ಕೇಳಕ್ಕೆ ಬರೋರಿಗೆ ತೋರಿಸಲಿ. ಗೋಬಿ ಮಂಚೂರಿಗೆ ಈಗಾಗಲೇ ನಾಲ್ಕು ಗಾಡಿ ಇವೆ, ದಯವಿಟ್ಟು ಅದನ್ನ ಮಾತ್ರ ಬರೀಬೇಡಿ.