ಮೊಘಲ್ ಚಿತ್ರಗಳನ್ನ ಕತ್ತರಿಸಿ ಗೋಡೆಗೆ ಕೂರಿಸಿದ ಅರಮನೆ: ವಿಯೆನ್ನಾದಲ್ಲಿ ಒಂದು ದಿನ

ಆನ್‌ಸೈಟ್ ಅಂತ ಯುರೋಪಿಗೆ ಹೋದ ನಮ್ಮವರು ಒಂದಲ್ಲ ಒಂದು ರಜೆಯಲ್ಲಿ ವಿಯೆನ್ನಾಗೆ ಹೋಗೇ ಹೋಗ್ತಾರೆ. ಶೋನ್‌ಬ್ರುನ್ ಅರಮನೆ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ತೋಟ ಸುತ್ತಿ ಬರ್ತಾರೆ. ಆದರೆ ಅದೇ ಅರಮನೆ ಒಳಗೆ ನಮ್ಮ ದೇಶದ ಚಿತ್ರಗಳೇ ತುಂಬಿರೋ ಒಂದು ಕೋಣೆ ಇದೆ. ನಾನು, ನನ್ನ ಹೆಂಡತಿ ಬೆಳಗ್ಗೆ ಈ ಅರಮನೆ, ಮಧ್ಯಾಹ್ನದ ಮೇಲೆ ಕಲಾ ಮ್ಯೂಸಿಯಂ ಅಂತ ಒಂದೇ ದಿನದಲ್ಲಿ ಎರಡನ್ನೂ ನೋಡಿದ್ವಿ. ಆ ಕೋಣೆ ಬಗ್ಗೆ ನಮ್ಮಿಬ್ಬರಿಗೂ ಇನ್ನೂ ಒಮ್ಮತ ಇಲ್ಲ. ಅದಕ್ಕೇ ಈ ಮಾತು.

ಮೊದಲು ಅರಮನೆ. ಯು-4 ಮೆಟ್ರೋದಲ್ಲಿ ಶೋನ್‌ಬ್ರುನ್ ಸ್ಟೇಷನ್‌ನಲ್ಲಿ ಇಳಿದರೆ ಸ್ವಲ್ಪ ದೂರ ನಡಿಗೆ. ಒಟ್ಟು 1441 ಕೋಣೆಗಳು. ಪ್ರವಾಸಿಗರಿಗೆ ತೋರಿಸೋದು ನಲವತ್ತರಷ್ಟು. ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಹುಟ್ಟಿದ್ದು ಇಲ್ಲೇ, 1830ರಲ್ಲಿ. ತೀರಿಕೊಂಡಿದ್ದೂ ಇಲ್ಲೇ, 1916ರಲ್ಲಿ. ಅಷ್ಟು ದೊಡ್ಡ ಸಾಮ್ರಾಜ್ಯದ ಒಡೆಯ ಮಲಗ್ತಿದ್ದದ್ದು ಒಂದು ಸಾದಾ ಕಬ್ಬಿಣದ ಮಂಚದ ಮೇಲೆ. ಅವನ ನಂತರ ಬಂದ ಕಾರ್ಲ್, 1918ರ ನವೆಂಬರ್ 11ರಂದು ಅಧಿಕಾರ ಬಿಟ್ಟ ಪತ್ರಕ್ಕೆ ಸಹಿ ಹಾಕಿದ್ದು ಇಲ್ಲಿಯ ನೀಲಿ ಚೀನೀ ಕೋಣೆಯಲ್ಲಿ.

ನಾನು ಹೇಳ್ತಿರೋ ಕೋಣೆಗೆ ಅಲ್ಲಿನವರು ‘ಮಿಲಿಯನ್ ಕೋಣೆ’ ಅಂತಾರೆ. ಗೋಡೆಗೆ ಹಾಕಿದ ಅಪರೂಪದ ಬೀಟೆ ಜಾತಿಯ ಮರದ ಹಲಗೆಗಳ ಬೆಲೆಯಿಂದ ಆ ಹೆಸರು. ಆ ಹಲಗೆಗಳಲ್ಲಿ ಚಿನ್ನದ ಬಣ್ಣದ, ಬಳ್ಳಿಯಂತೆ ಬಳುಕುವ 60 ಚೌಕಟ್ಟುಗಳು. ಒಂದೊಂದರೊಳಗೂ ಮೊಘಲ್ ಕಾಲದ ಸೂಕ್ಷ್ಮಚಿತ್ರಗಳು: ದರ್ಬಾರು, ಬೇಟೆ, ತೋಟದಲ್ಲಿ ಕೂತ ಹೆಂಗಸರು. ಹೀಗೆ ಮಾಡಿಸಿದವಳು 18ನೇ ಶತಮಾನದ ಮಹಾರಾಣಿ ಮರಿಯಾ ತೆರೇಸಾ.

ಹತ್ತಿರ ಹೋಗಿ ನೋಡಿದರೆ ಏನೋ ಸರಿ ಇಲ್ಲ ಅನ್ಸುತ್ತೆ. ಒಂದೇ ಚಿತ್ರದೊಳಗೆ ಅಳತೆಗಳು ಕೂಡೋದಿಲ್ಲ. ಕಾರಣ ಏನಂದ್ರೆ, ರಾಜಮನೆತನದವರು ಮೂಲಚಿತ್ರಗಳನ್ನ ಕತ್ತರಿಸಿ, ತುಂಡುಗಳನ್ನ ಜೋಡಿಸಿ ಅಂಟಿಸಿ, ತಮ್ಮ ಚೌಕಟ್ಟಿನ ಆಕಾರಕ್ಕೆ ಹೊಂದುವ ಹೊಸ ಚಿತ್ರ ಮಾಡಿಕೊಂಡಿದ್ದಾರೆ. ಹತ್ತು ಪ್ರಾಜೆಕ್ಟ್‌ಗಳ ಕೋಡನ್ನ ಕಾಪಿ-ಪೇಸ್ಟ್ ಮಾಡಿ ಒಂದು ಫೈಲ್ ಮಾಡಿ, ಗಿಟ್ ಹಿಸ್ಟರಿ ಅಳಿಸಿಬಿಟ್ಟ ಹಾಗೆ!

ನನಗೆ ನಿಜವಾಗ್ಲೂ ಸಿಟ್ಟು ಬಂತು. ಮೊಘಲ್ ಆಲ್ಬಮ್ಮಿನ ಹಾಳೆ ಅಂದ್ರೆ ಬರೀ ಚಿತ್ರ ಅಲ್ಲ. ಸುತ್ತ ಅಲಂಕಾರದ ಅಂಚು ಇರುತ್ತೆ, ಹಿಂಬದಿಯಲ್ಲಿ ಎಷ್ಟೋ ಸಲ ಚಂದದ ಕೈಬರಹ, ಕೆಲವದರಲ್ಲಿ ಕಲಾವಿದನ ಹೆಸರು. ಯಾರು ಬರೆದರು, ಯಾರಿಗಾಗಿ ಅನ್ನೋದು ತಿಳಿಯೋದೇ ಇವುಗಳಿಂದ. ಕತ್ತರಿ ಮೊದಲು ತಿಂದದ್ದು ಅದನ್ನೇ.

ನನ್ನ ಹೆಂಡತಿ ಚಿತ್ರಕಲೆ ಕಲಿತವಳು, ಒಪ್ಪಲಿಲ್ಲ. “ರೀ, ಆ ಆಲ್ಬಮ್‌ಗೆ ಮುರಕ್ಕಾ ಅಂತಾರೆ. ಆ ಪದದ ಅರ್ಥವೇ ತೇಪೆ ಹಾಕಿದ್ದು ಅಂತ. ಜಹಾಂಗೀರನ ಆಲ್ಬಮ್‌ನಲ್ಲೂ ಯುರೋಪಿನ ಅಚ್ಚುಚಿತ್ರಗಳನ್ನ ಅಂಟಿಸಿದ್ದಾರಲ್ಲ, ಆಗ ನಿಮಗೆ ಸಿಟ್ಟು ಬರೋದಿಲ್ವಾ?” ಅಂದಳು. ಅವಳ ಮಾತಲ್ಲಿ ತೂಕ ಇದೆ. ಅಬುಲ್ ಹಸನ್ ಅನ್ನೋ ಮೊಘಲ್ ಕಲಾವಿದ ಇನ್ನೂ ಹುಡುಗನಾಗಿದ್ದಾಗಲೇ, 1600ರ ಸುಮಾರಿಗೆ, ಜರ್ಮನಿಯ ಡ್ಯೂರರ್‌ನ ಅಚ್ಚುಚಿತ್ರ ನೋಡಿ ಸಂತ ಜಾನ್‌ನ ಚಿತ್ರ ಬರೆದಿದ್ದ. ಕೊಡು-ಕೊಳ್ಳುವಿಕೆ ಎರಡೂ ಕಡೆ ಇತ್ತು. ಇನ್ನೊಂದು ಮಾತನ್ನೂ ಹೇಳಿದಳು: ಎಷ್ಟೋ ಆಲ್ಬಮ್‌ಗಳನ್ನ ವ್ಯಾಪಾರಿಗಳು ಬಿಚ್ಚಿ ಹಾಳೆ ಹಾಳೆಯಾಗಿ ಮಾರಿದರು, ಇವು ಒಂದೇ ಕಡೆ ಉಳಿದಿವೆಯಲ್ಲ.

ಉಳಿದಿವೆ, ಸರಿ. ಆದರೆ ನೋಡಿ ಕಲಿಯೋದು ಬೇರೆ, ಗೋಡೆಯ ಅಳತೆಗೆ ಕತ್ತರಿಸೋದು ಬೇರೆ. ಇದಕ್ಕೆ ನನ್ನ ಸಾಕ್ಷಿ ರೆಂಬ್ರಾಂಟ್.

ಅಲ್ಲಿಂದ ಯು-4ರಲ್ಲೇ ಕಾರ್ಲ್ಸ್‌ಪ್ಲಾಟ್ಸ್‌ಗೆ ಬಂದು, ಒಪೆರಾ ದಾಟಿ ನಡೆದರೆ 1891ರಲ್ಲಿ ಬಾಗಿಲು ತೆರೆದ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂ, ಅಂದ್ರೆ ಕಲಾ ಇತಿಹಾಸದ ಮ್ಯೂಸಿಯಂ. ಇಲ್ಲಿ ಅದೇ ರಾಜಮನೆತನದ ಸಂಗ್ರಹ ಇದೆ. ರೆಂಬ್ರಾಂಟ್ 1652ರಲ್ಲಿ ಬರೆದ ದೊಡ್ಡ ಸ್ವಚಿತ್ರವೂ ಇಲ್ಲೇ. ಕೆಲಸದ ನಿಲುವಂಗಿ, ಸೊಂಟದ ಮೇಲೆ ಕೈ, ನೇರವಾಗಿ ನಮ್ಮನ್ನೇ ನೋಡ್ತಾನೆ. ಈ ಚಿತ್ರ ಬರೆದ ಕೆಲವೇ ವರ್ಷಕ್ಕೆ, 1656ರಲ್ಲಿ, ಅವನು ದಿವಾಳಿಯಾದ. ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಮೊಘಲ್ ಚಿತ್ರಗಳನ್ನ ಮುಂದಿಟ್ಟುಕೊಂಡು ನಕಲು ಮಾಡ್ತಿದ್ದ, ಅದೂ ಏಷ್ಯಾದಿಂದ ಬಂದ ದುಬಾರಿ ಕಾಗದದ ಮೇಲೆ. ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಮರದ ಕೆಳಗೆ ಕೂತ ನಾಲ್ವರು ಮುದುಕರ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದಕ್ಕೆ ಹತ್ತಿರದ ಮೊಘಲ್ ಚಿತ್ರ ಎಲ್ಲಿದೆ ಗೊತ್ತಾ? ಬೆಳಗ್ಗೆ ನಾವು ನಿಂತಿದ್ದ ಅದೇ ಕೋಣೆಯಲ್ಲಿ.

ಇದನ್ನ ಹೇಳಿದಾಗ ನನ್ನವಳು ಆ ಸ್ವಚಿತ್ರದ ಮುಂದೆ ಸುಮಾರು ಹೊತ್ತು ಸುಮ್ಮನೆ ನಿಂತಳು. ಆಮೇಲೆ, “ಇವನು ಕತ್ತರಿ ಹಿಡೀಲಿಲ್ಲ, ಪೆನ್ನು ಹಿಡಿದ. ಅಷ್ಟು ಒಪ್ತೀನಿ” ಅಂದಳು. ಅಷ್ಟು ಮಾತ್ರ!

ಹೋಗೋರಿಗೆ ಒಂದೆರಡು ಮಾತು. ಅರಮನೆ ಟಿಕೆಟ್ಟಿನಲ್ಲಿ ಒಳಗೆ ಹೋಗೋ ಸಮಯ ನಮೂದಾಗಿರುತ್ತೆ, ಮುಂಚೆನೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಕಡಿಮೆ ಕೋಣೆಗಳ ಅಗ್ಗದ ಟಿಕೆಟ್ ತಗೊಂಡ್ರೆ ಮಿಲಿಯನ್ ಕೋಣೆ ತಪ್ಪಿಹೋಗುತ್ತೆ, ದೊಡ್ಡದನ್ನೇ ತಗೊಳ್ಳಿ. ಮ್ಯೂಸಿಯಂ ಗುರುವಾರ ರಾತ್ರಿ 9ರ ತನಕ ತೆರೆದಿರುತ್ತೆ, ಹಾಗಾಗಿ ಆ ದಿನ ಒಳ್ಳೆಯದು. ಟೈಮ್ ಇಲ್ಲ ಅಂದ್ರೂ ಬ್ರೂಗೆಲ್ ಕೋಣೆ ಬಿಡಬೇಡಿ. 1565ರ ‘ಹಿಮದಲ್ಲಿ ಬೇಟೆಗಾರರು’ ಅಲ್ಲೇ ಇದೆ. ದಣಿದ ನಾಯಿಗಳ ಬೆನ್ನು ನೋಡಿ, ಆಮೇಲೆ ದೂರದಲ್ಲಿ ಮಂಜುಗಡ್ಡೆ ಮೇಲೆ ಆಡ್ತಿರೋ ಜನರನ್ನ ನೋಡಿ.