ನಿಂತ ಕಾರಿನ ಬ್ಯಾಟರಿ ಇಳಿಯುವುದೇಕೆ?

ನಾಲ್ಕು ದಿನ ಊರಿಗೆ ಹೋಗಿ ಬಂದು ಕೀಲಿ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಪಕ್ಕದ ಮನೆಯವರು, ವಾಚ್‌ಮನ್, ಮೆಕ್ಯಾನಿಕ್ ಎಲ್ಲರದೂ ಒಂದೇ ಮಾತು: ‘ಬ್ಯಾಟರಿ ಹೋಯ್ತು ಸಾರ್, ಹೊಸದು ಹಾಕ್ಸಿ.’

ತಪ್ಪು ಕಲ್ಪನೆ: ಬ್ಯಾಟರಿ ಇಳಿದಿದೆ ಎಂದರೆ ಅದು ಕೆಟ್ಟಿದೆ.

ವಾಸ್ತವ: ನಾನೂ ಹಾಗೆಂದುಕೊಂಡೇ ಹೊಸ ಬ್ಯಾಟರಿ ಹಾಕಿಸಿದೆ. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಫೋನಿನಲ್ಲಿ ವಿಡಿಯೋ ಹಚ್ಚಿ ಡಿಕ್ಕಿಯೊಳಗಿಟ್ಟು ಬಾಗಿಲು ಮುಚ್ಚಿದೆ. ತೆಗೆದು ನೋಡಿದರೆ, ಕತ್ತಲಾಗಬೇಕಿದ್ದ ಡಿಕ್ಕಿಯಲ್ಲಿ ದೀಪ ಉರಿಯುತ್ತಲೇ ಇತ್ತು. ಬಾಗಿಲಿನ ಸ್ವಿಚ್ ಸಿಕ್ಕಿಹಾಕಿಕೊಂಡಿತ್ತು. 5 ವ್ಯಾಟ್‌ನ ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಬರಿದಾಗಲು ಮೂರೂವರೆ ದಿನ ಸಾಕು. ಸೆಲ್ಫ್ ಅದಕ್ಕೂ ಮೊದಲೇ ಕೈಕೊಡುತ್ತದೆ.

ತಪ್ಪು ಕಲ್ಪನೆ: ಕೀಲಿ ತೆಗೆದ ಮೇಲೆ ಕಾರು ಕರೆಂಟ್ ಎಳೆಯುವುದೇ ಇಲ್ಲ.

ವಾಸ್ತವ: ಗಡಿಯಾರ, ಅಲಾರಂ, ರಿಮೋಟ್ ಲಾಕ್ ಇವೆಲ್ಲ ಎಚ್ಚರವಾಗಿಯೇ ಇರುತ್ತವೆ. ಸಾಮಾನ್ಯವಾಗಿ 50 ಮಿಲಿಆಂಪಿಯರ್‌ವರೆಗೆ ಚಿಂತೆಯಿಲ್ಲ. ಹಾಗಿದ್ದರೂ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ನೆಗೆಟಿವ್ ಟರ್ಮಿನಲ್ ಕಳಚಿಡುವುದೇ ಸರಿ.

ತಪ್ಪು ಕಲ್ಪನೆ: ಮೀಟರ್ ಹಿಡಿದ ಕೂಡಲೇ ಸೋರಿಕೆ ಗೊತ್ತಾಗುತ್ತದೆ.

ವಾಸ್ತವ: ಇಲ್ಲೇ ಹೆಚ್ಚಿನವರು ಎಡವುವುದು. ಮಲ್ಟಿಮೀಟರನ್ನು 10 ಆಂಪಿಯರ್‌ಗೆ ಇಟ್ಟು, ನೆಗೆಟಿವ್ ಟರ್ಮಿನಲ್ ಕಳಚಿ, ಆ ಟರ್ಮಿನಲ್ಲಿಗೂ ವೈರಿಗೂ ನಡುವೆ ಮೀಟರ್ ಸೇರಿಸಬೇಕು. ಮೊದಲು ಕಾಣುವ ಒಂದೆರಡು ಆಂಪಿಯರ್‌ಗೆ ಗಾಬರಿ ಬೇಡ. ಕಾರಿನೊಳಗಿನ ಕಂಪ್ಯೂಟರುಗಳು ಮಲಗಲು ಅರ್ಧ ಗಂಟೆ, ಕೆಲವು ಕಾರುಗಳಲ್ಲಿ ಒಂದು ಗಂಟೆಯೂ ಬೇಕು. ತೆರೆದ ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಮುಚ್ಚಿದೆ ಎಂದು ಕಾರಿಗೆ ನಂಬಿಸಿ. ರಿಮೋಟ್ ಕೀಲಿ ದೂರ ಇಡಿ. ಅಂಕಿ ಇಳಿದು ನಿಂತ ಮೇಲೂ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಥಟ್ಟನೆ ಬೀಳುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಮೀಟರ್ ಸೇರಿಸಿರುವಾಗ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ.

ತಪ್ಪು ಕಲ್ಪನೆ: ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ತಪ್ಪು ಬ್ಯಾಟರಿಯದೇ.

ವಾಸ್ತವ: ಆಲ್ಟರ್ನೇಟರಿನ ಡಯೋಡ್ ಕೆಟ್ಟರೂ ಕರೆಂಟ್ ಹಿಂದಕ್ಕೆ ಹರಿಯುತ್ತದೆ. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಮ್ಯೂಸಿಕ್ ಸಿಸ್ಟಂಗಳ ವೈರನ್ನು ನೇರವಾಗಿ ಬ್ಯಾಟರಿಗೇ ಕೊಟ್ಟಿರುವುದೂ ಉಂಟು. ನನ್ನ ಮೊದಲ ಅನುಮಾನ ಯಾವಾಗಲೂ ಇವುಗಳ ಮೇಲೆಯೇ.

ತಪ್ಪು ಕಲ್ಪನೆ: ಜಂಪ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಬ್ಯಾಟರಿ ತುಂಬುತ್ತದೆ.

ವಾಸ್ತವ: ತುಂಬುವುದಿಲ್ಲ. ಬರಿದಾದ ಬ್ಯಾಟರಿಗೆ ಚಾರ್ಜರಿನಲ್ಲಿ ಗಂಟೆಗಟ್ಟಲೆ ಬೇಕು. ತುಂಬಿದ ಬ್ಯಾಟರಿ, ಕೆಲವು ಗಂಟೆ ಸುಮ್ಮನೆ ಬಿಟ್ಟ ಮೇಲೂ, 12.6 ವೋಲ್ಟ್ ಆಸುಪಾಸು ತೋರಿಸಬೇಕು. ಬರಿದಾಗಿಯೇ ದಿನಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳಿಗೆ ಸಲ್ಫೇಟ್ ಕಟ್ಟಿ, ಚೆನ್ನಾಗಿದ್ದ ಬ್ಯಾಟರಿಯೂ ನಿಜವಾಗಿಯೇ ಹಾಳಾಗುತ್ತದೆ.

ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಆಟೋ ಎಲೆಕ್ಟ್ರಿಷಿಯನ್‌ಗೆ ಒಂದು ಮಾತು ಹೇಳಿ: ‘ಕಾರು ಮಲಗಿದ ಮೇಲೆ ಎಷ್ಟು ಮಿಲಿಆಂಪಿಯರ್ ಎಳೀತಿದೆ, ನನ್ನೆದುರಿಗೇ ಅಳೆದು ತೋರಿಸಿ.’