ತಿನ್ನುವುದು ಇಡ್ಲಿ, ಮಾತಾಡುವುದು ದೋಸೆ

ಭಾನುವಾರ ಬೆಳಗ್ಗೆ ಏಳೂವರೆ ದಾಟಿತೆಂದರೆ ಲಾಲ್‌ಬಾಗಿನಿಂದ ಹೊರಬೀಳುವ ಜನರಲ್ಲಿ ಎರಡು ಪಂಗಡ. ವಾಕಿಂಗ್ ಮುಗಿಸಿ ಮನೆಗೆ ಹೋಗಿ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಳ್ಳುವವರು ಒಂದು. ಕರಗಿಸಿದ್ದನ್ನು ಅರ್ಧ ಗಂಟೆಯೊಳಗೆ ಬಡ್ಡಿ ಸಮೇತ ವಾಪಸ್ ಪಡೆಯಲು ದರ್ಶಿನಿಯ ಕಡೆ ತಿರುಗುವವರು ಇನ್ನೊಂದು. ನಾನು ಬರೆಯಹೊರಟಿರುವುದು ಎರಡನೆಯವರ ಬಗ್ಗೆ. ಮೊದಲನೆಯವರ ಬಗ್ಗೆ ಬರೆಯಲು ಏನೂ ಇಲ್ಲ.

ಎದೆಮಟ್ಟದ ದುಂಡು ಸ್ಟೀಲ್ ಮೇಜು. ಅದರ ಸುತ್ತ ಕ್ಯಾನ್ವಾಸ್ ಶೂ, ಮಂಕಿ ಕ್ಯಾಪು, ಮಫ್ಲರು. ಕೌಂಟರಿನಲ್ಲಿ ಟೋಕನ್ ಕೊಟ್ಟು ತಟ್ಟೆ ತಾವೇ ಹೊತ್ತು ತರಬೇಕು. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ, ಹಾಗಾಗಿ ಟಿಪ್ಸೂ ಇಲ್ಲ. 1980ರ ದಶಕದಲ್ಲಿ ಜಯನಗರದ ಕಡೆಯಿಂದ ಹಬ್ಬಿದ ಈ ನಿಂತು ತಿನ್ನುವ ಏರ್ಪಾಡಿನ ಉದ್ದೇಶ, ಗಿರಾಕಿ ಬೇಗ ತಿಂದು ಬೇಗ ಜಾಗ ಬಿಡಲಿ ಎಂಬುದು. ನಮ್ಮ ಮೇಜಿನ ಮಟ್ಟಿಗೆ ಆ ಉದ್ದೇಶ ಈಡೇರಿದ್ದನ್ನು ಯಾರೂ ನೋಡಿಲ್ಲ. ಮೇಜು ಒರೆಸುವ ಹುಡುಗ ಬಟ್ಟೆ ಹಿಡಿದು ಬಂದರೆ ಎಲ್ಲರೂ ಒಂದೊಂದು ಲೋಟ ಎತ್ತಿ ಹಿಡಿಯುತ್ತಾರೆ, ಒರೆಸಿದ ಮೇಲೆ ಇಳಿಸುತ್ತಾರೆ. ಮಾತು ನಿಲ್ಲುವುದಿಲ್ಲ.

ಇಲ್ಲಿ ಯಾರಿಗೂ ಹೆಸರಿಲ್ಲ, ಊರಿದೆ. ದಾವಣಗೆರೆಯವರು, ಧಾರವಾಡದವರು, ಉಡುಪಿಯವರು, ಮಂಡ್ಯದವರು. ಚಾಮರಾಜಪೇಟೆಯಲ್ಲೇ ಹುಟ್ಟಿ ಅಲ್ಲೇ ಪಾಠ ಹೇಳಿ ನಿವೃತ್ತರಾದ ಒಬ್ಬರಿಗೆ ಮಾತ್ರ ‘ಮಿಸ್’ ಎಂಬ ಬಿರುದು. ನನ್ನನ್ನು ಮಲೆನಾಡಿನ ಲೆಕ್ಕಕ್ಕೆ ಸೇರಿಸಿದ್ದಾರೆ.

ಮೊದಲು ಬರುವುದು ಇಡ್ಲಿ-ವಡೆ. ಆದರೆ ಮಾತು ದೋಸೆಯದು. ತಿಂಡಿಪೋತರ ಕೂಟದ ನಿಯಮವೇ ಇದು: ತಟ್ಟೆಯಲ್ಲಿರುವುದರ ಬಗ್ಗೆ ಮಾತಾಡುವಂತಿಲ್ಲ. ಇಡ್ಲಿ ತಿನ್ನುವಾಗ ದೋಸೆ, ದೋಸೆ ತಿನ್ನುವಾಗ ಅಕ್ಕಿರೊಟ್ಟಿ, ಅಕ್ಕಿರೊಟ್ಟಿ ಸಿಕ್ಕ ದಿನ ಅಜ್ಜಿ ಮಾಡುತ್ತಿದ್ದ ಕಡುಬು. ಎದುರಿಗಿರುವ ತಿಂಡಿ ಎಷ್ಟೇ ಚೆನ್ನಾಗಿರಲಿ, ಎದುರಿಗಿಲ್ಲದ್ದರ ಮುಂದೆ ಅದು ಸೋಲಲೇಬೇಕು.

ದೋಸೆಯ ವಿಚಾರದಲ್ಲಿ ಬೆಂಗಳೂರು ಎರಡು ಹೋಳಾಗಿ ಎಷ್ಟೋ ಕಾಲವಾಯಿತು. ಬಸವನಗುಡಿ ಕಡೆಯವರಿಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವೇ ಪ್ರಮಾಣ. 1943ರಲ್ಲಿ ಶುರುವಾದ ಆ ಹೋಟೆಲಿನಲ್ಲಿ ವಾರಾಂತ್ಯಕ್ಕೆ ಹೋದರೆ ಇವತ್ತಿಗೂ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಗೋಡೆಯ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳು; ಅವುಗಳ ಕೆಳಗೆ ಒಂದೇ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಪೇರಿಸಿಕೊಂಡು, ಒಂದೂ ಅಲುಗದಂತೆ ನುಸುಳಿ ಬರುವ ಪಂಚೆಯುಟ್ಟ ಸಪ್ಲೈಯರು. ಮಲ್ಲೇಶ್ವರದವರಿಗೆ ಸಿಟಿಆರ್. ಬೋರ್ಡಿನ ಮೇಲೆ ಶ್ರೀ ಸಾಗರ್ ಎಂದಿದ್ದರೂ ಹಳಬರ ಬಾಯಲ್ಲಿ ಅದು ಸಿಟಿಆರೇ.

‘ಗಾಂಧಿ ಬಜಾರಿನದ್ದು ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮಲ್ಲೇಶ್ವರದ್ದು ಬೆಣ್ಣೆ ಘಮ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು’ ಎಂದು ಮಿಸ್ ತೀರ್ಪು ಕೊಟ್ಟರೆ, ದಾವಣಗೆರೆಯವರು ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ.

‘ಅಲ್ರೀ, ಬೆಣ್ಣೆ ಅಂದ ಮೇಲೆ ಊರು ಯಾವ್ದು ಅಂತ ಬೇರೆ ಹೇಳ್ಬೇಕೇನ್ರಿ? ಸೌದೆ ಒಲಿ ಇರ್ಬೇಕು. ಅಕ್ಕಿ-ಉದ್ದಿನ ಜೊತಿಗೆ ಮಂಡಕ್ಕಿ ನೆನೆಸಿ ರುಬ್ಬಿರ್ಬೇಕು. ಪಲ್ಯಕ್ಕೆ ಅರಿಶಿಣ ಹಾಕಂಗಿಲ್ಲ, ಬೆಳ್ಳಗೇ ಇರ್ಬೇಕು. ಮೇಲೊಂದು ಮುದ್ದಿ ಬೆಣ್ಣಿ, ಪಕ್ಕದಾಗೆ ಕೊಬ್ರಿ ಚಟ್ನಿ. ಸಾಂಬಾರ್ ಕೇಳಿದ್ರೆ ನಿಮ್ಮನ್ನ ಬೆಂಗಳೂರು ಬಸ್ಸಿಗೆ ಹತ್ತಿಸಿ ಕಳಿಸ್ತಾರೆ ನೋಡ್ರಿ.’

ಮೈಸೂರಿನ ನಜರ್‌ಬಾದಿನ ಮೈಲಾರಿ ದೋಸೆಯನ್ನು ಯಾರಾದರೂ ಎತ್ತಿದರೆ ಮಾತ್ರ ಅವರು ಸ್ವಲ್ಪ ಮೆತ್ತಗಾಗುತ್ತಾರೆ. ಗರಿಗರಿಯ ಗೊಡವೆಯೇ ಇಲ್ಲದ, ಬಾಳೆಲೆಯ ಮೇಲೆ ಮಡಿಸಿಟ್ಟ ಆ ಮೃದು ದೋಸೆಯ ಜತೆ ಜಗಳವಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಅಲ್ಲಿಂದ ಮಾತು ಮನೆಯ ಕಾವಲಿಗೆ ಇಳಿಯುತ್ತದೆ. ಮನೆಯಲ್ಲಿ ಹೋಟೆಲಿನ ಬಣ್ಣ ಯಾಕೆ ಬರುವುದಿಲ್ಲ? ಹಿಡಿ ಅವಲಕ್ಕಿ ಹಾಕಿ ಅನ್ನುವವರು ಒಬ್ಬರು, ಚಿಟಿಕೆ ಸಕ್ಕರೆ ಅನ್ನುವವರು ಇನ್ನೊಬ್ಬರು. ಮೆಂತ್ಯ, ಕಡಲೆಬೇಳೆ, ಚಿರೋಟಿ ರವೆ, ಒಬ್ಬೊಬ್ಬರದೂ ಒಂದೊಂದು ಗುಟ್ಟು. ನನಗನ್ನಿಸುವುದು, ಗುಟ್ಟು ಹಿಟ್ಟಿನಲ್ಲಿಲ್ಲ, ಕಬ್ಬಿಣದಲ್ಲಿದೆ. ದರ್ಶಿನಿಯ ಭಟ್ಟರ ಕಾವಲಿ ಮಂಚದಗಲ, ಬೆರಳು ದಪ್ಪ. ಹೊತ್ತಾರೆಯಿಂದ ಕಾದು ಕಾದು ಮೈತುಂಬ ಶಾಖ ಹಿಡಿದಿಟ್ಟುಕೊಂಡಿರುತ್ತದೆ. ಅವರು ನೀರು ಚಿಮುಕಿಸಿ, ಚುರ್ರೆಂದಾಗ ಪೊರಕೆಯಿಂದ ಗುಡಿಸಿ, ಮೇಲ್ಮೈ ಒಂದಿಷ್ಟು ತಣಿದ ಗಳಿಗೆಯಲ್ಲೇ ಹಿಟ್ಟು ಸುರಿಯುತ್ತಾರೆ. ಕಾವಲಿ ತೀರಾ ಬಿಸಿಯಾಗಿದ್ದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಂಡು ಗಂಟಾಗುತ್ತದೆ. ಹರಡಿದ ಮೇಲೆ ಅಡಿಯಿಂದ ಶಾಖ ಮತ್ತೆ ಏರಿ ಬಂದು ದೋಸೆ ಕೆಂಪಗಾಗುತ್ತದೆ. ನಮ್ಮ ಮನೆಯ ತೆಳು ನಾನ್‌ಸ್ಟಿಕ್ ತವಾಕ್ಕೆ ಆ ದಮ್ಮೆಲ್ಲಿ? ಅವಲಕ್ಕಿ ಎಷ್ಟು ಹಾಕಿದರೂ ಅಷ್ಟೇ.

ಇಷ್ಟರಲ್ಲಿ ಧಾರವಾಡದವರು ಸಾಂಬಾರಿನ ಬಟ್ಟಲನ್ನು ಮೂಸಿ ಕೆಳಗಿಡುತ್ತಾರೆ. ಪ್ರತಿ ವಾರ ಇದೇ ಹೊತ್ತಿಗೆ.

‘ಏನ್ರೀ ಇದು, ಸಾಂಬಾರೋ ಪಾಯಸೋ? ಬೆಲ್ಲ ಹಾಕ್ಲಿಕ್ಕೂ ಒಂದು ಲೆಕ್ಕ ಇರ್ತದಲ್ರೀ.’

‘ಬೆಲ್ಲ ಇಲ್ಲದ ಸಾಂಬಾರು ಎಂಥದ್ದು ಮಾರಾಯ್ರೆ? ಹುಳಿ ಉಂಟು, ಖಾರ ಉಂಟು, ಅದೆರಡನ್ನೂ ಸಮ ಮಾಡ್ಲಿಕ್ಕೆ ಯಾರಾದ್ರೂ ಬೇಡ್ವಾ?’ ಉಡುಪಿಯವರು ಬೆಲ್ಲದ ಪರ ವಕಾಲತ್ತು ವಹಿಸುತ್ತಾರೆ.

‘ಬ್ಯಾಡಗಿ ಮೆಣಸಿನಕಾಯಿ ಎಲ್ಲಾ ನೀವೇ ಒಯ್ತೀರಿ, ಹಾವೇರಿ ಕಡೆ ಬೆಳೀತದ ಅಂತ ನೆನಪರೆ ಇಟ್ಕೋರಿ’ ಎಂಬುದು ಮರುವಾದ. ಇದರಲ್ಲಿ ಹುರುಳಿದೆ. ಬ್ಯಾಡಗಿ ಕೊಡುವುದು ಬಣ್ಣ ಮತ್ತು ಘಮ; ಖಾರ ಅಷ್ಟಕ್ಕಷ್ಟೇ. ಉಡುಪಿಯ ಅಡುಗೆಯ ಕೆಂಪು ಉತ್ತರ ಕರ್ನಾಟಕದ ಸಾಲ. ಖಾರ ಬೇಕಾದವರು ಅದಕ್ಕೆ ಗುಂಟೂರು ಬೆರೆಸುತ್ತಾರೆ. ಸುಕ್ಕು ಸುಕ್ಕಾದ ಉದ್ದನೆಯ ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಧಾರವಾಡದವರು ಅದನ್ನು ಸ್ವಂತ ಮಗನಿಗೆ ರ‍್ಯಾಂಕ್ ಬಂದಂತೆ ಹೇಳಿಕೊಳ್ಳುತ್ತಾರೆ.

ಸಾಂಬಾರಿನ ತಕರಾರನ್ನು ಬುಡಸಮೇತ ಕಿತ್ತುಹಾಕಿದ ಜಾಗವೂ ಹತ್ತಿರದಲ್ಲೇ ಇದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ, ಟೀ. ಪಟ್ಟಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಸಾಂಬಾರು ಮಾಡುವುದೇ ಇಲ್ಲ. ತಟ್ಟೆ ಚಾಚಿದಷ್ಟು ಸಲ ಚಟ್ನಿ ಸುರಿಯುತ್ತಾರೆ, ಇಡ್ಲಿ ಅದರಲ್ಲಿ ಮುಳುಗೇಳುತ್ತದೆ. ಇಂಥ ಧೈರ್ಯ ನನಗೆ ಇಷ್ಟ. ಇಪ್ಪತ್ತು ಬಗೆ ದೋಸೆ, ಜತೆಗೆ ಗೋಬಿ ಮಂಚೂರಿ, ಚಾಟು, ಜ್ಯೂಸು ಎಂದು ಗೋಡೆ ತುಂಬ ಬರೆಸಿಕೊಂಡ ಹೋಟೆಲಿನಲ್ಲಿ ನಾಲಿಗೆ ನಂಬುವಂಥದ್ದು ಒಂದಾದರೂ ಸಿಗುವುದು ಕಷ್ಟ.

ಮಿಸ್ ಅವರ ಕೈಗುಣದ ಮಾತು ಬಂದಾಗ ಮೇಜು ವಿಧೇಯ ತರಗತಿಯಾಗುತ್ತದೆ. ಅವರ ತಾಯಿಯ ಕಡೆ ಮಂಗಳೂರು. ಬನ್ಸ್ ಹೇಗೆ ಮಾಡುವುದು ಎಂದು ಯಾರೋ ಕೇಳಿದರು.

‘ಸಿಪ್ಪೆ ಕಪ್ಪಾಗಿ, ಇನ್ನು ಎಸೀಬೇಕು ಅನ್ನಿಸ್ಬೇಕು, ಅಂಥ ಬಾಳೆಹಣ್ಣು. ಚೆನ್ನಾಗಿ ಕಿವುಚಿ. ಸಕ್ಕರೆ, ಸ್ವಲ್ಪ ಹುಳಿ ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡ. ಮೈದಾ ಅದು ಕೇಳಿದಷ್ಟು. ನೀರು ಮುಟ್ಟಿಸ್ಬೇಡಿ. ರಾತ್ರಿ ಕಲಸಿಟ್ಟು ಬೆಳಗ್ಗೆ ದಪ್ಪಗೆ ಲಟ್ಟಿಸಿ ಕರೀರಿ.’

‘ಮೈದಾ ಎಷ್ಟು ಅಂದ್ರಿ?’

‘ಅದು ಕೇಳಿದಷ್ಟು.’

ಬರೆದುಕೊಳ್ಳುತ್ತಿದ್ದವರು ಪೆನ್ನು ಜೇಬಿಗಿಟ್ಟರು. ಗ್ರಾಂ, ಮಿಲಿಲೀಟರು ಕೇಳುವವರಿಗೆ ಈ ಮೇಜಿನಲ್ಲಿ ಮರ್ಯಾದೆಯಿಲ್ಲ. ಆದರೆ ಮಿಸ್ ಹೇಳುವುದರಲ್ಲಿ ಮೈಗಳ್ಳತನವೂ ಇಲ್ಲ. ಹಣ್ಣಿನ ಗಾತ್ರ, ಅದರ ನೀರಿನಂಶ, ಮೊಸರಿನ ಗಟ್ಟಿತನ ದಿನಕ್ಕೊಂದು ಥರ ಇರುವಾಗ ಮೈದಾ ಒಂದೇ ಅಳತೆಯಲ್ಲಿರಲು ಹೇಗೆ ಸಾಧ್ಯ? ಅಮೆರಿಕದಲ್ಲಿರುವ ಅವರ ಮಗಳದ್ದು ಬೇರೆಯೇ ಪಾಡು: ಅಲ್ಲಿನ ಚಳಿಗಾಲಕ್ಕೆ ದೋಸೆಹಿಟ್ಟು ಉಬ್ಬುವುದೇ ಇಲ್ಲ. ಓವನ್ ಹಚ್ಚದೆ, ಅದರೊಳಗಿನ ದೀಪ ಮಾತ್ರ ಉರಿಸಿ, ರಾತ್ರಿಯಿಡೀ ಹಿಟ್ಟಿನ ಪಾತ್ರೆಯನ್ನು ಅದರಲ್ಲಿ ಮಲಗಿಸುತ್ತಾಳಂತೆ. ಬೆಳಗ್ಗೆ ಉಬ್ಬಿದ ಹಿಟ್ಟಿನ ಫೋಟೊ ಅಮ್ಮನಿಗೆ ಬರುತ್ತದೆ, ಆ ಫೋಟೊ ನಮ್ಮ ಮೇಜಿಗೂ ಬರುತ್ತದೆ. ಗುಳ್ಳೆ ನೋಡಿ ಹುಳಿ ಎಷ್ಟಿರಬಹುದೆಂದು ಎಲ್ಲರೂ ಅಭಿಪ್ರಾಯ ಕೊಡುತ್ತಾರೆ.

ರವೆ ಇಡ್ಲಿಯ ಟೋಕನ್ ಕೂಗಿದಾಗ ಎಂಟಿಆರ್ ಪುರಾಣ ಶುರು. 1924ರಲ್ಲಿ ಮಯ್ಯ ಸಹೋದರರು ತೆರೆದ ಹೋಟೆಲು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಕ್ಕಿ ದುರ್ಲಭವಾದಾಗ ರವೆಗೆ ಮೊಸರು ಬೆರೆಸಿ ಇಡ್ಲಿ ಬೇಯಿಸಿದ್ದು ಅಲ್ಲಿ ಎಂಬುದು ಊರಿಗೇ ಗೊತ್ತಿರುವ ಕತೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ಕಡಿಮೆ ದರ ಕಟ್ಟಿದಾಗ, ತುಪ್ಪದಲ್ಲಿ ರಾಜಿ ಮಾಡಿಕೊಳ್ಳಲು ಒಪ್ಪದೆ ಬಾಗಿಲೆಳೆದರು. ಆಗ ಕೈಹಿಡಿದದ್ದು ಪೊಟ್ಟಣದ ರವೆ ಇಡ್ಲಿ ಮಿಕ್ಸು, ಸಾಂಬಾರು ಪುಡಿ. ಯುದ್ಧ ಒಂದು ಇಡ್ಲಿಯನ್ನು ಕೊಟ್ಟಿತು, ಎಮರ್ಜೆನ್ಸಿ ಅದನ್ನು ಪೊಟ್ಟಣಕ್ಕೆ ಹಾಕಿತು. ಗೋಡಂಬಿ ಕಚ್ಚಿದ ಆ ಇಡ್ಲಿಯನ್ನು ಸಾಗು, ಪುಟ್ಟ ಬಟ್ಟಲು ತುಪ್ಪದೊಂದಿಗೆ ತಿನ್ನುವವರಲ್ಲಿ ಇಷ್ಟೆಲ್ಲ ಯಾರು ನೆನೆಯುತ್ತಾರೆ!

ಮಂಡ್ಯದವರು ಅಲ್ಲಿಯವರೆಗೆ ಸುಮ್ಮನಿರುತ್ತಾರೆ. ಅವರದು ಕೊನೆಯ ಸರದಿ.

‘ನೀವೆಲ್ಲ ತಿನ್ನೋದು ತಿಂಡಿ ಬುಡಿ ಸಾ. ಊಟ ಬ್ಯಾರೆ ಐತೆ. ಸೊಪ್ಪು-ಕಾಳು ಬೇಯ್ಸಿ ಕಟ್ಟು ಬಸ್ಕೊಂಡು, ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಹುಣಸೆಹಣ್ಣು ಅರೆದ ಖಾರ ಅದಕ್ಕೆ ಕದಡಿ, ಬಿಸಿ ಮುದ್ದೆ ಮುರಿದು ಅದ್ದಿ ನುಂಗಿ ನೋಡಿ. ಉಪ್ಸಾರಿಗೆ ಎಣ್ಣೆ ಬೇಕಾ, ಒಗ್ಗರಣೆ ಬೇಕಾ? ಏನೂ ಬ್ಯಾಡ.’

ಮದ್ದೂರು ವಡೆಯನ್ನು ಯಾರಾದರೂ ಹೊಗಳಿದರೆ ಮಾತ್ರ ಅವರು ತಿಂಡಿಯ ಪಕ್ಷಕ್ಕೆ ಬರುತ್ತಾರೆ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಕೈತುಂಬ ಈರುಳ್ಳಿ, ಕರಿಬೇವು. ಬಿಸಿ ಎಣ್ಣೆಯನ್ನು ಹಿಟ್ಟಿಗೇ ಹಾಕಿ ಕಲಸಬೇಕು. ಮೈಸೂರು ರೈಲಿನ ಜನಕ್ಕೆಂದು ಹುಟ್ಟಿದ ವಡೆ, ಬೇಗ ಕೆಡುವುದಿಲ್ಲ. ಎರಡು ದಿನಕ್ಕೆ ಇನ್ನೂ ರುಚಿ ಅನ್ನುತ್ತಾರೆ ಅವರು. ನಾನು ಒಪ್ಪುವುದಿಲ್ಲ. ಬಾಣಲೆಯಿಂದ ಇಳಿದ ಹತ್ತು ನಿಮಿಷದೊಳಗಿನದ್ದೇ ಮದ್ದೂರು ವಡೆ, ಆಮೇಲಿನದ್ದು ಪ್ರಯಾಣದ ಬುತ್ತಿ.

ಇನ್ನೊಂದು ವಿಷಯ ಈ ಮೇಜಿನ ಮೇಲೆ ಬರುವುದು ದನಿ ತಗ್ಗಿಸಿಕೊಂಡೇ. ‘ಮಧ್ಯಾಹ್ನ ಏನು?’ ಎಂದು ಕೇಳಿದರೆ ಮಂಡ್ಯದವರು ಅಕ್ಕಪಕ್ಕ ನೋಡಿ ‘ದೊನ್ನೆ’ ಅನ್ನುತ್ತಾರೆ. ಬಿರಿಯಾನಿ ಎಂದು ಪೂರ್ತಿ ಹೇಳುವುದಿಲ್ಲ. ಮಿಲಿಟರಿ ಹೋಟೆಲುಗಳೂ ಈ ಊರಿನ ಹಳೆಯ ಹೋಟೆಲುಗಳೇ. ಪುದೀನ, ಕೊತ್ತಂಬರಿಯ ಹಸಿರು ಮಸಾಲೆಯಲ್ಲಿ ಸಣ್ಣಕ್ಕಿ ಬೆಂದು, ಎಲೆಯ ದೊನ್ನೆಯಲ್ಲಿ ಹೊಗೆಯಾಡುವುದನ್ನು ತಿನ್ನಲು ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ಮುಂದೆ ಕಾಯುವ ಜನರೂ ಬೆಂಗಳೂರಿಗರೇ. ಊರಿನ ತಿಂಡಿ-ತೀರ್ಥದ ಬಗ್ಗೆ ಬರೆಯುವವರು ಮಸಾಲೆ ದೋಸೆಗೆ ಪುಟಗಟ್ಟಲೆ ಕೊಟ್ಟು ಇದನ್ನು ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ನಾನೂ ಮೇಲೆ ಅದನ್ನೇ ಮಾಡಿದ್ದೇನೆ ಎಂದು ನೀವು ಹೇಳಿದರೆ ಒಪ್ಪಿದೆ. ಮಿಸ್ ಮಾತ್ರ ಒಂದು ದಿನ ಎಲ್ಲರೆದುರೇ ಕೇಳಿಬಿಟ್ಟರು: ‘ಅದಕ್ಕೆ ಯಾವ ಅಕ್ಕಿ ಹಾಕ್ತಾರ್ರೀ, ಜೀರಿಗೆ ಸಾಂಬಾನಾ?’ ಅವತ್ತಿನಿಂದ ದನಿ ತುಸು ಏರಿದೆ.

ಕೊನೆಗೆ ಕಾಫಿ. ಜನ ಎಷ್ಟಿದ್ದರೂ ಹೇಳುವುದು ಬೈಟೂ ಲೆಕ್ಕದಲ್ಲೇ. ಪೂರ್ತಿ ಕಾಫಿಗೆ ದುಡ್ಡಿಲ್ಲವೆಂದಲ್ಲ. ಅರ್ಧ ಲೋಟ ಕುಡಿದರೆ ಇನ್ನರ್ಧ ಗಂಟೆ ಬಿಟ್ಟು ಮತ್ತೊಂದು ಅರ್ಧಕ್ಕೆ ನೆಪ ಉಳಿಯುತ್ತದೆ. ಚಿಕೋರಿ ಬೇಕೋ ಬೇಡವೋ ಎಂಬ ವಾದಕ್ಕೂ ಆ ಹೊತ್ತು ಸಾಕು. ನನ್ನ ಮತ ಕೇಳಿದರೆ, ಹಾಲು ಹಾಕಿ ಕುಡಿಯುವ ಕಾಫಿಗೆ ಒಂದಿಷ್ಟು ಚಿಕೋರಿ ಇರಲೇಬೇಕು, ಇಲ್ಲದಿದ್ದರೆ ಡಿಕಾಕ್ಷನ್‌ಗೆ ಮೈ ಬರುವುದಿಲ್ಲ. ಮಲೆನಾಡಿನ ತೋಟದವರು ಇದನ್ನು ಓದಿ ಬೈದರೆ ಬೈಯಲಿ.

ಇಷ್ಟು ಓದಿ ಬಾಯಲ್ಲಿ ನೀರೂರಿ ಹೊರಟರೆ ಒಂದು ಸೂಚನೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಭಾನುವಾರ ಎರಡೂ ತೆರೆದಿರುತ್ತವೆ, ಆದರೆ ಎಂಟು ಗಂಟೆಯೊಳಗೆ ಹೋಗಿ.